ರಶೀದಿ ಇಲ್ಲದ ಕೋವಿ

ಗೇಬ್ರಿಯಲ್ ಪಿರೇರಾ ಆ ಕೋವಿಯನ್ನು ಸ್ವಲ್ಪ ಕೆಟ್ಟದಾಗಿ ಮಾಡಿದ್ದಿದ್ದರೆ ಈ ಕಥೆ ಹುಟ್ಟುತ್ತಲೇ ಇರಲಿಲ್ಲ. ಕೈ ಚೆನ್ನಾಗಿದ್ದವನಿಗೆ ಕೆಲವೊಮ್ಮೆ ಕೈಯೇ ಶತ್ರು. ಅಬುಧಾಬಿಯ ಮುಸಫ್ಫಾದ ಒಂದು ಫ್ಯಾಬ್ರಿಕೇಶನ್ ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷ ಕಬ್ಬಿಣ ಕೊಯ್ದು, ಬಗ್ಗಿಸಿ, ಬೆಸೆದು ಫೋರ್‌ಮ್ಯಾನ್ ಆದ ಮನುಷ್ಯ. ಅವನ ಕೈಯಲ್ಲಿ ಕೆಟ್ಟ ಕೆಲಸ ಬರಬೇಕೆಂದರೂ ಬರುವುದಿಲ್ಲ, ಕಬ್ಬಿಣದ್ದಾದರೆ ಮಾತ್ರ. ರಟ್ಟಿನದ್ದಾದರೆ ಬೇರೆ ಮಾತು.

ರಟ್ಟಿನ ಕಥೆ ಹಿಂದಿನ ವರ್ಷದ್ದು. ದುಬೈಯ ಕೊಂಕಣಿ ನಾಟಕಕ್ಕೆ ಪ್ರತಿವರ್ಷ ಸಾಮಾನು ಮಾಡಿಕೊಡುವವನು ಇವನೇ. ತೊಟ್ಟಿಲು, ಬಾವಿಯ ರಾಟೆ, ಇಗರ್ಜಿಯ ಗಂಟೆ ಎಲ್ಲ ಇವನ ಕೈಯಿಂದಲೇ. ೨೦೧೪ರಲ್ಲಿ ಕೋವಿ ಬೇಕಾಯಿತು. ಪುಣ್ಯಾತ್ಮ ಹಗುರವಾಗಿರಲಿ ಎಂದು ರಟ್ಟಿನಲ್ಲಿ ಮಾಡಿದ. ನಾಟಕದ ಕೊನೆಯಲ್ಲಿ, ಹೆಂಗಸರೆಲ್ಲ ಅಳಲೆಂದು ಕರ್ಚೀಫು ತೆಗೆದಿಟ್ಟುಕೊಂಡ ಹೊತ್ತಿನಲ್ಲಿ, ನಾಯಕನ ಪಾತ್ರದ ಡಿಕ್ಸನ್ ಕೋವಿ ಎತ್ತಿದ. ಸ್ಟೇಜಿನ ದೀಪದ ಬಿಸಿಗೆ ಗೋಂದು ಬಿಟ್ಟಿತ್ತೋ ಏನೋ, ಕೋವಿಯ ಮೂತಿ ಮೆಲ್ಲನೆ ಕೆಳಗೆ ಬಾಗಿತು. ಮುಂದಿನ ಸಾಲಿನಿಂದ ಒಂದು ಮಗು, "ಮಮ್ಮಿ, ಲುಕ್, ಬನಾನಾ!" ಎಂದಿತು. ಆರುನೂರು ಜನ ನಕ್ಕರು ನೋಡಿ, ಪರದೆ ಬಿದ್ದ ಮೇಲೂ ನಗು ನಿಲ್ಲಲಿಲ್ಲ.

ಅಂದಿನಿಂದ ಅವನು ಬನಾನಾ ಗೇಬ್ರಿಯಲ್. ಪೂಜೆ ಮುಗಿಸಿ ಇಗರ್ಜಿಯಿಂದ ಹೊರಗೆ ಬಂದರೂ ಯಾರೋ ಒಬ್ಬರು, "ಏನು ಬಾಳೆಹಣ್ಣು, ಸೌಖ್ಯವಾ?" ಎಂದು ಕೇಳುವುದು, ಉಳಿದವರು ಬೇರೆ ಕಡೆ ತಿರುಗಿ ಹಲ್ಲು ಬಿಡುವುದು. ಅವನೂ ನಗುತ್ತಿದ್ದ. ಮನೆಗೆ ಬಂದು ಮಾತ್ರ ಹೆಂಡತಿ ರೊಸಲಿನ್ ಎದುರು ಗೊಣಗುತ್ತಿದ್ದ. ಅವಳು ಆಸ್ಪತ್ರೆಯಲ್ಲಿ ನರ್ಸು. ದಿನಕ್ಕೆ ನೂರು ಜನರ ಗೊಣಗಾಟ ಕೇಳುವವಳು. "ಬಿಡಿ ಮಾರಾಯ್ರೇ, ಬಾಗಿದ್ದು ರಟ್ಟು, ನಿಮ್ಮ ಬೆನ್ನಲ್ಲ" ಎಂದು ತಿರುಗಿ ಮಲಗುತ್ತಿದ್ದಳು.

ಈ ವರ್ಷ ನಾಟಕ ಬರೆದು ಆಡಿಸುವವಳು ದುಬೈಯ ಕರಾಮದ ಕಾರ್ಮಿನ್. ಹೋಟೆಲೊಂದರ ರಿಸೆಪ್ಶನ್ನಿನಲ್ಲಿ ಹಗಲೆಲ್ಲ ನಗುಮುಖ ಮಾಡಿ, ಆ ಸಿಟ್ಟನ್ನೆಲ್ಲ ಸಂಜೆ ರಿಹರ್ಸಲ್ಲಿನಲ್ಲಿ ತೀರಿಸಿಕೊಳ್ಳುವ ಹೆಂಗಸು. ಅವಳ ನಾಟಕದಲ್ಲೂ ಕೋವಿ ಇತ್ತು. ಮಗಳಿಗೆ ಮೋಸ ಮಾಡಿದವನ ಎದೆಗೆ ಮುದುಕ ತಂದೆ (ಅದೂ ಡಿಕ್ಸನ್ನೇ) ಕೋವಿ ಹಿಡಿಯುತ್ತಾನೆ, ಕೊನೆಗೆ ಇಳಿಸಿ ಕ್ಷಮಿಸುತ್ತಾನೆ. "ಗೇಬ್ರಿಯಲಣ್ಣ, ನಿಮಗೆ ಇನ್ನೊಂದು ಚಾನ್ಸ್ ಕೊಡ್ತೇನೆ" ಎಂದಳು ಕಾರ್ಮಿನ್. "ಈ ಸಲವೂ ಜನ ನಕ್ಕರೆ ಆ ಕೋವಿಯಿಂದಲೇ ನಿಮ್ಮನ್ನು ಹೊಡಿತೇನೆ."

ಈ ಸಲ ಅವನು ಯಾರ ಮಾತನ್ನೂ ಕೇಳಲಿಲ್ಲ. ಒಂದೂವರೆ ತಿಂಗಳು, ಡ್ಯೂಟಿ ಮುಗಿದ ಮೇಲೆ ವರ್ಕ್‌ಶಾಪಿನ ಮೂಲೆಯಲ್ಲಿ ಕುಳಿತು ತನ್ನ ಪಪ್ಪನ ಕೋವಿಯನ್ನೇ ಮಾಡಿದ. ಊರಾದ ಬೆಳ್ಮಣ್ಣಿನಲ್ಲಿ ಎಲ್ಲರೂ ಲಾದ್ರು ಪೊರ್ಬುಗಳು ಎನ್ನುತ್ತಿದ್ದ ಆ ಪಪ್ಪನ ಒಂಟಿ ನಳಿಗೆಯ ತೋಟೆ ಕೋವಿ. ಬೆಳೆ ರಕ್ಷಣೆಗೆಂದು ಲೈಸೆನ್ಸು ಪಡೆದದ್ದು. ಹಂದಿ ಓಡಿಸಲಿಕ್ಕೆ, ಮಂಗ ಹೆದರಿಸಲಿಕ್ಕೆ. ಅದರ ಉದ್ದ, ಭಾರ, ಹೆಬ್ಬೆರಳು ಒತ್ತಿ ಒತ್ತಿ ಸವೆದ ಜಾಗ ಎಲ್ಲ ಗೇಬ್ರಿಯಲನ ಕೈಗೆ ನೆನಪಿತ್ತು. ಎಸೆದ ಒಂದು ಹಳೆ ಮೇಜಿನ ಸಾಗುವಾನಿ ಕಾಲನ್ನು ಕೆತ್ತಿ ಮರದ ಹಿಡಿ ಮಾಡಿದ. ಕಬ್ಬಿಣದ ಪೈಪನ್ನು ಉಜ್ಜಿ ನಳಿಗೆ ಮಾಡಿದ. ಪಪ್ಪನದ್ದರ ಹಾಗೆ ನಡುವಲ್ಲಿ ಮಡಚುವ ಕೀಲು, ಬೆರಳಲ್ಲಿ ಎಳೆದರೆ ಟಕ್ ಎನ್ನುವ ಬಿಲ್ಲು. ಮುಗಿಸಿ ಎಣ್ಣೆ ಒರೆಸಿ ಗೋಡೆಗೆ ಒರಗಿಸಿ ಸುಮಾರು ಹೊತ್ತು ನೋಡಿದ. ಅತ್ತನಂತೆ. ಹಾಗೆಂದು ಹೇಳಿದವನು ಕಂಪನಿಯ ಡ್ರೈವರ್ ಉಮರ್. ಗೇಬ್ರಿಯಲನನ್ನು ಕೇಳಿದರೆ ಧೂಳು ಎನ್ನುತ್ತಾನೆ.

ಅಸಲು ಕೋವಿಯ ಪಾಡು ಏನಾಯಿತು ಎಂದರೆ, ೨೦೦೮ರ ಇಲೆಕ್ಷನ್ನು ಬಂತು. ಇಲೆಕ್ಷನ್ನು ಬಂದರೆ ಊರಿನಲ್ಲಿ ಲೈಸೆನ್ಸಿನ ಕೋವಿಗಳೆಲ್ಲ ಠಾಣೆಗೆ ಹೋಗಬೇಕು, ಮುಗಿದ ಮೇಲೆ ವಾಪಸು ಬರಬೇಕು. ಪೊರ್ಬುಗಳು ಪ್ರತಿಸಲದಂತೆ ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೋವಿ ಹೆಗಲಿಗೇರಿಸಿ, ಪೇಟೆಯ ನಡುವೆಯೇ ನಡೆದು ಹೋಗಿ ಠಾಣೆಗೆ ಕೊಟ್ಟು ಬಂದರು. ಮಗ ಚಿಕ್ಕವನಿದ್ದಾಗಲೇ ಹೇಳಿದ್ದರು: "ಕೋವಿ ಮುಚ್ಚಿಕೊಂಡು ಹೋಗುವವ ಕಳ್ಳ. ಎಲ್ಲರಿಗೂ ಕಾಣುವ ಹಾಗೆ ಹಿಡಿದು, ತಾನಾಗಿ ಹೋಗಿ ಕೊಟ್ಟು, ರಶೀದಿ ತೆಗೊಂಡು ಬರುವವ ಮರ್ಯಾದಸ್ಥ." ಆ ವರ್ಷ ರಶೀದಿ ಬಂತು, ಇಲೆಕ್ಷನ್ನು ಮುಗಿಯಿತು, ಪೊರ್ಬುಗಳಿಗೆ ಜ್ವರ ಬಂದು ಅವರೂ ಮುಗಿದರು. ಗೇಬ್ರಿಯಲ್ ಹದಿನೈದು ದಿನದ ರಜೆಯಲ್ಲಿ ಹೋಗಿ ಮಣ್ಣು ಹಾಕಿ ಬಂದ. ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸುವುದು ಮುಂದಿನ ರಜೆಗಾಯಿತು ಎಂದುಕೊಂಡ. ಮುಂದಿನ ರಜೆ ಬರುವಾಗ ಎರಡು ವರ್ಷ ಕಳೆದಿತ್ತು. ವಾರಸುದಾರರು ಬರಲಿಲ್ಲ, ಮೇಲಿನ ಆಫೀಸಿಗೆ ಕಳಿಸಿದ್ದೇವೆ, ಅಲ್ಲಿ ಏನು ಮಾಡಿದರೋ ಗೊತ್ತಿಲ್ಲ ಎಂದರು ಠಾಣೆಯವರು. ಹಳದಿಯಾದ ಆ ರಶೀದಿಯೊಂದು ಅವನ ಪರ್ಸಿನಲ್ಲಿ ಉಳಿಯಿತು.

ಈಗ ನಾಟಕದ ಶುಕ್ರವಾರ ಬಂತು. ನಾಲ್ಕು ಗಂಟೆಗೆ ದುಬೈಯಲ್ಲಿ ಪರದೆ ಏಳಬೇಕು. ಬೆಳಿಗ್ಗೆ ಒಂಬತ್ತಕ್ಕೆ ಗೇಬ್ರಿಯಲ್, ರೊಸಲಿನ್ ವರ್ಕ್‌ಶಾಪಿಗೆ ಬಂದರು. ಉಮರ್, ಉಳ್ಳಾಲದವನು, ಗೇಟು ತೆರೆದುಕೊಟ್ಟ. ಗೇಬ್ರಿಯಲ್ ಕೋವಿಯನ್ನು ಹೊರಗೆ ತಂದ. ಬಿಸಿಲಿಗೆ ಅದು ಮಿಂಚಿತು. ಉಮರ್ ಎರಡು ಹೆಜ್ಜೆ ಹಿಂದೆ ಸರಿದ.

"ಅಲ್ಲ ಗೇಬ್ರಿಯಲಣ್ಣ, ಇದನ್ನು ದುಬೈವರೆಗೆ ಹೇಗೆ ಕೊಂಡು ಹೋಗ್ತೀರಿ?" ಎಂದು ಕೇಳಿದ.

"ಹೇಗೆ ಅಂದ್ರೆ? ಕಾರಲ್ಲಿ."

"ಕಾರಲ್ಲಿ ಎಲ್ಲಿ?"

ನೋಡಿ, ಇಷ್ಟು ಸಣ್ಣ ಪ್ರಶ್ನೆ ಒಂದೂವರೆ ತಿಂಗಳಲ್ಲಿ ಒಮ್ಮೆಯೂ ಅವನ ತಲೆಗೆ ಹೊಳೆದಿರಲಿಲ್ಲ. ಗೇಬ್ರಿಯಲ್ ಕೋವಿಯನ್ನು ನೋಡಿದ, ಕಾರನ್ನು ನೋಡಿದ, ಹೆಂಡತಿಯನ್ನು ನೋಡಿದ. ಮುಂದಿನ ತಿಂಗಳು ಅವನ ವೀಸಾ ರಿನೀವಲ್ಲು. ಒಂದು ಕೇಸು ಬಿತ್ತೋ, ಇಪ್ಪತ್ತೆರಡು ವರ್ಷ ಖಲಾಸ್. ಇವನನ್ನು ಊರಿಗೆ ಕಳಿಸಿದರೆ ರೊಸಲಿನ್ ಇಲ್ಲಿ ಒಬ್ಬಳೇ ಇದ್ದು ಏನು ಮಾಡಿಯಾಳು?

"ಡಿಕ್ಕಿಯಲ್ಲಿ ಹಾಕಿ, ಮೇಲೆ ಕಂಬಳಿ ಮುಚ್ಚಿ, ಅದರ ಮೇಲೆ ನೀರಿನ ಬಾಟ್ಲಿ ಇಡಿ. ಯಲ್ಲಾ, ಹೊರಡಿ" ಎಂದ ಉಮರ್. "ಯಾರಿಗೂ ಕಾಣ್ಲಿಕ್ಕಿಲ್ಲ."

"ಕಂಡ್ರೆ?"

"ಕಂಡ್ರೆ ಖಲಾಸ್."

ರೊಸಲಿನ್ ಹಣೆ ಚಚ್ಚಿಕೊಂಡಳು. "ಬೇಡವೇ ಬೇಡ. ಇಲ್ಲೇ ಬಿಡಿ. ಡಿಕ್ಸನ್ ಪೊರಕೆ ಹಿಡಿದು ಆಕ್ಟ್ ಮಾಡ್ಲಿ."

ಪೊರಕೆ! ಆರುನೂರು ಜನರ ನಗು ಗೇಬ್ರಿಯಲನ ಕಿವಿಯಲ್ಲಿ ಮತ್ತೆ ಕೇಳಿತು. ಅವನು ನಾಟಕಕ್ಕೆ ಲೈಟು, ಸೌಂಡು ನೋಡಿಕೊಳ್ಳುವ ಆದರ್ಶನಿಗೆ ಫೋನ್ ಮಾಡಿದ. ಆದರ್ಶ ಮೈಸೂರಿನ ಕಡೆಯವನು, ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಮನೆ, ಕಂಪ್ಯೂಟರಿನ ಕೆಲಸ. ಏನು ಕೇಳಿದರೂ ಗೊತ್ತಿಲ್ಲ ಎಂದ ಜನ್ಮವಲ್ಲ.

"ಒಂದ್ ನಿಮಿಷ ಇರಿ ಸಾರ್, ನೋಡ್ತೀನಿ" ಎಂದು ಆದರ್ಶ ಕಂಪ್ಯೂಟರು ಕುಟ್ಟಿದ್ದು ಕೇಳಿಸಿತು. "ಹಾಂ, ಸಿಕ್ತು. ಎಲ್ಲಾ ಕ್ಲಿಯರ್ ಆಗಿ ಬರ್ದವ್ರೆ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಗನ್ ತಗೊಂಡು ಡ್ರೈವ್ ಮಾಡೋದಾದ್ರೆ, ಪ್ರತಿ ರಾಜ್ಯದ ಕಾನೂನು ಬೇರೆ ಬೇರೆ ಅಂತೆ."

"ಅಬುಧಾಬಿಗೆ ಬೇರೆ, ದುಬೈಗೆ ಬೇರೆಯಾ?"

"ಅಂಗೇ ಅನ್ಸುತ್ತೆ. ಕೆಲವು ಕಡೆ ಎಲ್ರಿಗೂ ಕಾಣೋ ಥರ ಇಟ್ಕೊಂಡ್ರೆ ಪರ್ವಾಗಿಲ್ವಂತೆ, ಬಚ್ಚಿಟ್ರೇನೇ ತಪ್ಪಂತೆ. ಇನ್ ಕೆಲವು ಕಡೆ ಉಲ್ಟಾ, ಕಂಡ್ರೆ ತಪ್ಪು. ಗುಂಡು ತುಂಬಿರಬಾರ್ದು. ಡ್ರೈವರ್ ಕೈಗೆ ಎಟುಕಬಾರ್ದು. ಪೊಲೀಸ್ ನಿಲ್ಲಿಸಿದ್ರೆ ಅವ್ರು ಕೇಳೋಕ್ ಮುಂಚೆ ನಾವೇ ಹೇಳ್ಬೇಕು. ಕೆಲವು ಕಡೆ ಕೇಳಿದ್ರೆ ಮಾತ್ರ ಹೇಳಿದ್ರೆ ಸಾಕು."

ಗೇಬ್ರಿಯಲ್ ಸಿಮೆಂಟಿನ ಚೀಲದ ಕಾಗದ ಹರಿದು ಇದನ್ನೆಲ್ಲ ಬರೆದುಕೊಂಡ. ಕಾಣಬೇಕು. ಕಾಣಬಾರದು. ಕೈಗೆ ಎಟುಕಬಾರದು. ಮೊದಲೇ ಹೇಳಬೇಕು. ಕೇಳಿದರೆ ಹೇಳಬೇಕು. ಎರಡು ಸಲ ಓದಿದ. ಬರೆಯುವ ಮೊದಲು ತಲೆಯಲ್ಲಿ ಇದ್ದ ಅಲ್ಪಸ್ವಲ್ಪ ಬೆಳಕೂ ಆರಿತು.

"ಇದರಲ್ಲಿ ದುಬೈದು ಯಾವುದು, ಅಬುಧಾಬಿದು ಯಾವುದು ಆದರ್ಶ?"

ಆ ಕಡೆ ಮತ್ತೆ ಕಂಪ್ಯೂಟರು ಕುಟ್ಟಿದ ಸದ್ದು. ಆಮೇಲೆ ಆದರ್ಶ, ಗಂಟಲು ಸರಿಮಾಡಿಕೊಂಡು, "ಸಾರ್... ಇದು ಅಮೆರಿಕಾದ್ದು" ಎಂದ.

ರೊಸಲಿನ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಉಮರ್ ಮಾತ್ರ ಹೊಟ್ಟೆ ಹಿಡಿದು ನಕ್ಕ. ಗೇಬ್ರಿಯಲ್ ನಗಲಿಲ್ಲ. ಅಮೆರಿಕದ್ದಾದರೂ ಕಾನೂನು ಕಾನೂನೇ, ಎಲ್ಲೋ ಒಂದು ಚೂರು ಇಲ್ಲಿಗೂ ಹೊಂದಬಹುದು ಎಂದು ಚೀಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡ. ಬೆಪ್ಪುತನಕ್ಕೂ ಒಂದು ಮಿತಿ ಬೇಡವೇ? ಇಷ್ಟು ಜನರನ್ನು ಕೇಳಿದವನು, ಇದನ್ನು ಕೊಂಡುಹೋಗಬಹುದೇ ಎಂದು ಕೇಳಬೇಕಾದ ಕಡೆ ಒಂದು ವಾರ ಮೊದಲೇ ಕೇಳಿದ್ದರೆ ಮುಗಿದಿತ್ತು.

ಕೊನೆಗೆ ಡಿಕ್ಕಿಯಲ್ಲಿ ಕಂಬಳಿ ಮುಚ್ಚಿಯೇ ಹೊರಟರು. ಅರ್ಧ ಗಂಟೆ ಕಾರು ಓಡಿಸಿದ್ದಾನೆ, ಅವನಿಗೆ ಬೆನ್ನ ಹಿಂದೆ ಹೆಣ ಇಟ್ಟುಕೊಂಡಂತೆ ಆಯಿತು. ಬಚ್ಚಿಟ್ಟರೇ ತಪ್ಪು ಎಂದು ಆದರ್ಶ ಓದಿದ್ದನಲ್ಲ. ಪಪ್ಪ ಹೇಳಿದ್ದೂ ಅದೇ. ರಸ್ತೆ ಬದಿಗೆ ನಿಲ್ಲಿಸಿ ಕೋವಿಯನ್ನು ಹಿಂದಿನ ಸೀಟಿನಲ್ಲಿ, ಕಿಟಕಿಯಿಂದ ಕಾಣುವಂತೆ ಮಲಗಿಸಿದ. ಹತ್ತು ನಿಮಿಷ ಹೋದ. ಪಕ್ಕದಲ್ಲಿ ಹಾದುಹೋದ ಬಸ್ಸಿನವರೆಲ್ಲ ತನ್ನನ್ನೇ ನೋಡಿದಂತೆ ತೋರಿತು. ಮತ್ತೆ ನಿಲ್ಲಿಸಿ ರೊಸಲಿನ್‌ಳ ಕಾಲ ಬುಡಕ್ಕೆ ಇಟ್ಟ. ನಳಿಗೆ ಅವಳ ಮೊಣಕಾಲಿಗೆ ತಾಗಿತು.

"ಸಾಯ್ಬಾ ಭೊಗೊಸ್, ದೇವರೇ! ಬೆಕ್ಕು ಮರಿಯನ್ನು ಏಳು ಮನೆ ತಿರುಗಿಸಿದ ಹಾಗೆ ಎಷ್ಟು ಸಲ ಮಾರಾಯ್ರೇ?" ಎಂದು ಅವಳು ಸಿಡಿದಳು. "ಒಂದು ಕಡೆ ಇಡಿ, ಇಲ್ಲ ನನ್ನನ್ನು ಇಲ್ಲೇ ಇಳಿಸಿ."

ಘಂತೂತ್ ದಾಟಿ, ದುಬೈಯ ಗಡಿ ಹೊಕ್ಕ ಮೇಲೆ ಸಿಕ್ಕಿದ ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿದರು. ದುಬೈಗೆ ಬೇರೆ ಕಾನೂನು ಎಂಬ ಆದರ್ಶನ ಮಾತು ತಲೆಯಿಂದ ಹೋಗಿರಲಿಲ್ಲ; ಇಲ್ಲಿಂದ ಮುಂದೆ ಡಿಕ್ಕಿಯೇ ಸರಿ ಎಂದು ಗೇಬ್ರಿಯಲ್ ಕೋವಿ ತೆಗೆದು ಕಾರಿನ ಹಿಂದಕ್ಕೆ ಬಂದ. ತಲೆ ಎತ್ತಿದರೆ, ಪಕ್ಕದ ಕಾರಿನ ಹೆಂಗಸೊಬ್ಬಳು ಬಾಯಿ ತೆರೆದು ಅವನನ್ನೇ ನೋಡುತ್ತಿದ್ದಾಳೆ. ಮಗುವನ್ನು ಕೆಳಗೆ ಬಗ್ಗಿಸಿ, ಕಾರಿನ ಬಾಗಿಲು ಲಾಕ್ ಮಾಡಿ, ಫೋನ್ ಕಿವಿಗಿಟ್ಟಳು.

ಗೇಬ್ರಿಯಲ್ ಸುತ್ತ ನೋಡಿದ. ಪಂಪಿನ ಅಂಗಡಿಯ ಆಚೆ ತುದಿಯಲ್ಲಿ ಪೊಲೀಸ್ ಕಾರೊಂದು ನಿಂತಿತ್ತು. ಇಬ್ಬರು ಯುವಕರು ಚಹಾ ಕುಡಿಯುತ್ತಿದ್ದರು. ಅವರಿಗೆ ಫೋನ್ ಹೋಗುತ್ತದೆ. ಬರುತ್ತಾರೆ. ಬಂದು ಹಿಡಿದರೆ ತಾನು ಕಳ್ಳ. ತಾನೇ ಹೋದರೆ? ಆ ಗೊಂದಲದ ತಲೆಗೆ ಅಂದು ಬೆಳಿಗ್ಗೆಯಿಂದ ಸ್ಪಷ್ಟವಾಗಿ ಕಂಡದ್ದು ಒಂದೇ: ಇಸ್ತ್ರಿ ಅಂಗಿ ಹಾಕಿ ಪೇಟೆಯ ನಡುವೆ ನಡೆಯುವ ಪಪ್ಪ. ಗೇಬ್ರಿಯಲ್ ಅಂಗಿ ಸರಿಮಾಡಿಕೊಂಡ. ಕೋವಿಯನ್ನು ಹೆಗಲಿಗೇರಿಸಿದ. ಪೊಲೀಸರ ಕಡೆಗೆ ನೆಟ್ಟಗೆ ನಡೆಯತೊಡಗಿದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆ ಎಲ್ಲರಿಗೂ ಗೊತ್ತು. ಇವನು ಕುಂಬಳಕಾಯಿಯನ್ನೇ ಹೆಗಲ ಮೇಲಿಟ್ಟು ಹೊರಟವನು.

ನಾಲ್ಕು ಹೆಜ್ಜೆ ಹೋಗಿದ್ದನೋ ಇಲ್ಲವೋ, ಹಿಂದಿನಿಂದ ರೊಸಲಿನ್ ಚಪ್ಪಲಿ ಬಿಟ್ಟು ಓಡಿ ಬಂದು ಕೋವಿಯನ್ನು ಎರಡೂ ಕೈಯಲ್ಲಿ ಹಿಡಿದು ಕಿತ್ತುಕೊಂಡಳು. "ಮರ್ಲಾ ನಿಮಗೆ? ಕೋವಿ ಹಿಡಿದು ಪೊಲೀಸರ ಹತ್ರ ಹೋಗ್ಲಿಕ್ಕೆ ಇದು ಬೆಳ್ಮಣ್ಣಾ? ಕೊಂದು ಹಾಕ್ತಾರೆ ನಿಮ್ಮನ್ನು!" ಕೋವಿಯನ್ನು ಡಿಕ್ಕಿಗೆ ಎಸೆದು, ಲಾಕ್ ಮಾಡಿ, ಕೀಲಿಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. "ಈಗ ಹೋಗಿ. ಬರಿಗೈಯಲ್ಲಿ ಹೋಗಿ."

ಬರಿಗೈಯಲ್ಲಿ ಹೋದ. ಎರಡೂ ಅಂಗೈ ಕಾಣುವಂತೆ ಹಿಡಿದು, ತನಗೆ ಬರುವ ಹಿಂದಿಯಲ್ಲಿ, "ಸರ್, ಮೇರೆ ಪಾಸ್ ಗನ್ ಹೈ. ಡೆಪಾಸಿಟ್ ಕರ್ನಾ ಹೈ. ರಿಸೀಟ್ ಚಾಹಿಯೆ" ಎಂದ.

ಚಹಾದ ಲೋಟ ಒಂದು ಕೆಳಗೆ ಬಿತ್ತು. ಮುಂದಿನ ಹತ್ತು ನಿಮಿಷ ಏನಾಯಿತು ಎಂದು ಗೇಬ್ರಿಯಲನಿಗೆ ಇವತ್ತಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ನೆಲದ ಮೇಲೆ ಕೂರಿಸಿದರು. ಇನ್ನೊಂದು ಪೊಲೀಸ್ ಕಾರು ಬಂತು. ಡಿಕ್ಕಿ ತೆರೆದರು, ಕೋವಿಯನ್ನು ಬಟ್ಟೆಯಲ್ಲಿ ಸುತ್ತಿದರು. ಗಂಡಹೆಂಡತಿ ಇಬ್ಬರನ್ನೂ ಠಾಣೆಗೆ ಕರೆದೊಯ್ದರು. ಯಾರೂ ಕೈ ಎತ್ತಲಿಲ್ಲ, ಕೂಗಾಡಲಿಲ್ಲ, ಕುಡಿಯಲು ನೀರು ಕೊಟ್ಟರು. ಅದರಿಂದಲೇ ಅವನಿಗೆ ಇನ್ನೂ ಹೆದರಿಕೆಯಾಯಿತು.

ಠಾಣೆಯಲ್ಲಿ ಬಿಳಿಗಡ್ಡದ ಒಬ್ಬ ಹಿರಿಯ ಅಧಿಕಾರಿ ಇದ್ದರು. ಒಳ್ಳೆಯ ಹಿಂದಿ ಮಾತಾಡುತ್ತಿದ್ದರು. ಕೋವಿಯನ್ನು ಮೇಜಿನ ಮೇಲಿಟ್ಟು ಸುತ್ತಲೂ ಕೈ ಆಡಿಸಿದರು.

"ಇದು ಬಂದೂಕಾ?" ಎಂದು ಕೇಳಿದರು.

"ಹೌದು ಸರ್. ಅಲ್ಲ ಸರ್" ಎಂದ ಗೇಬ್ರಿಯಲ್. "ಅಸಲು ಬಂದೂಕು ಊರಿನ ಠಾಣೆಯಲ್ಲಿ ಉಂಟು. ಉಂಟೋ ಇಲ್ಲವೋ ಗೊತ್ತಿಲ್ಲ. ಇದು ಬಂದೂಕಲ್ಲ."

"ನಿನ್ನ ಹತ್ತಿರ ಇನ್ನೊಂದು ಬಂದೂಕು ಬೇರೆ ಇದೆಯಾ?"

"ಇಲ್ಲ ಸರ್! ನನ್ನದಲ್ಲ, ಅಪ್ಪನದ್ದು. ಅಪ್ಪ ಇಲ್ಲ. ಬಂದೂಕೂ ಇಲ್ಲ."

ರೊಸಲಿನ್ ಕಣ್ಣು ಮುಚ್ಚಿ ಜಪಮಾಲೆ ಹಿಡಿದುಕೊಂಡಳು. ನಾಟಕಕ್ಕೆಂದು ಮಾಡಿದ ಸಾಮಾನು ಇದು ಎಂದು ಅವಳೇ ಬಾಯಿ ಹಾಕಿ ಹೇಳಬೇಕಾಯಿತು. ನಾಟಕಕ್ಕೆ ಪರ್ಮಿಶನ್ ಇದೆಯಾ ಎಂದು ಕೇಳಿದರು ಅಧಿಕಾರಿ. ಕಾರ್ಮಿನ್‌ಗೆ ಫೋನ್ ಹೋಯಿತು. ಪರ್ಮಿಶನ್ ಪತ್ರ, ಜೊತೆಗೆ ಕೊಟ್ಟಿದ್ದ ಸಾಮಾನಿನ ಪಟ್ಟಿ, ಎರಡರ ಫೋಟೋ ಎರಡೇ ನಿಮಿಷದಲ್ಲಿ ವಾಟ್ಸಾಪಿನಲ್ಲಿ ಬಂತು. ತೊಟ್ಟಿಲು ಇತ್ತು, ಲಾಟೀನು ಇತ್ತು, ಐದು ಕುರ್ಚಿ ಇತ್ತು. ಕೋವಿ ಎಲ್ಲೂ ಇಲ್ಲ. ಕೊನೆಯಲ್ಲಿ 'ಕೃಷಿ ಉಪಕರಣ ಒಂದು' ಎಂದು ಬರೆದಿದ್ದಳು ಪುಣ್ಯಾತಗಿತ್ತಿ. ಬೆಳೆ ರಕ್ಷಣೆಯ ಲೈಸೆನ್ಸಿನ ಕಥೆಯನ್ನು ಗೇಬ್ರಿಯಲನೇ ಅವಳಿಗೆ ಹೇಳಿದ್ದ. ಅವಳು ಅದನ್ನು ಹೀಗೆ ಜಾಣತನಕ್ಕೆ ಬಳಸಿಕೊಂಡಿದ್ದಳು.

"ಕೃಷಿ ಉಪಕರಣ ಅಂದರೆ ಇದಾ?"

"ಹೌದು ಸರ್. ಹಂದಿ ಓಡಿಸಲಿಕ್ಕೆ."

"ಹಂದಿ ಎಲ್ಲಿದೆ?"

"ಬೆಳ್ಮಣ್ಣಿನಲ್ಲಿ ಸರ್."

ಅಧಿಕಾರಿ ಗಡ್ಡ ನೀವಿಕೊಂಡರು. ಕೋವಿಯನ್ನು ಎತ್ತಿ ಕೀಲು ಮಡಚಿದರು. ಎಣ್ಣೆ ಹಾಕಿದ ಕೀಲು, ಸದ್ದಿಲ್ಲದೆ ತೆರೆದುಕೊಂಡಿತು. ನಳಿಗೆಯನ್ನು ಕಣ್ಣಿಗಿಟ್ಟು ಕಿಟಕಿಯ ಕಡೆ ನೋಡಿದರು. ಆಚೆಯ ಬೆಳಕು ಕಂಡಿತು.

"ನಾಟಕದ ಬಂದೂಕಿಗೆ ಈಚೆಯಿಂದ ಆಚೆಗೆ ತೂತು ಯಾಕೆ?"

ಗೇಬ್ರಿಯಲ್ ತೂತನ್ನೇ ನೋಡಿದ. ನಿಜಕ್ಕೂ ಯಾಕೆ? ಒಂದು ಗಟ್ಟಿ ಸರಳು ಹಾಕಿದ್ದರೆ ಜನರಿಗೆ ಕಾಣುತ್ತಿತ್ತೇ? ಕೀಲು ಯಾಕೆ ಬೇಕಿತ್ತು, ಬಿಲ್ಲು ಟಕ್ ಎನ್ನುವುದು ಯಾಕೆ ಬೇಕಿತ್ತು? "ಪಪ್ಪನ ಕೋವಿಗೆ ಇತ್ತು ಸರ್" ಎಂದ. ಹಿಂದಿಯಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸಿದ. ರೊಸಲಿನ್ ಅದನ್ನು ಹಿಂದಿಗೆ ತಿರುಗಿಸಿ ಹೇಳಿದಳು. ಅವಳ ದನಿ ಈಗ ಮೆತ್ತಗಾಗಿತ್ತು.

ಅಧಿಕಾರಿ ಸುಮಾರು ಹೊತ್ತು ಫೋನಿನಲ್ಲಿ ಯಾರ ಜೊತೆಗೋ ಅರಬಿಯಲ್ಲಿ ಮಾತಾಡಿದರು. ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ಫೋನಿಟ್ಟು ಹೇಳಿದರು: "ನೀನಾಗಿ ಬಂದು ಹೇಳಿದ್ದೀಯ. ಅದು ನಿನ್ನ ಪುಣ್ಯ. ಈಗ ಎರಡು ದಾರಿ. ನಾನು ಕಾಗದ ಬರೆದರೆ ಇದು ಪರೀಕ್ಷೆಗೆ ಹೋಗುತ್ತದೆ. ವರದಿ ಬರುವವರೆಗೆ ನಿನ್ನ ಪಾಸ್‌ಪೋರ್ಟ್ ನಮ್ಮಲ್ಲಿ. ಇಲ್ಲವಾದರೆ ಈಗಲೇ, ನನ್ನ ಎದುರು, ನಿನ್ನ ಕೈಯಾರೆ ಇದನ್ನು ಕತ್ತರಿಸು. ಕಬ್ಬಿಣ ಇಲ್ಲಿ ಬಿಟ್ಟು ಮನೆಗೆ ಹೋಗು. ಇನ್ನು ಮೇಲೆ ಬಂದೂಕಿನಂತೆ ಕಾಣುವುದನ್ನು ಮಾಡುವ ಮೊದಲು ಕೇಳು."

"ಕತ್ತರಿಸ್ತೇನೆ ಸರ್" ಎಂದ ಗೇಬ್ರಿಯಲ್. ಉಸಿರು ಎಳೆದುಕೊಂಡು, "ರಶೀದಿ?" ಎಂದ.

ರೊಸಲಿನ್ ಅವನ ಕಾಲು ತುಳಿದಳು. "ರಶೀದಿ ಬೇಡ ಮಾರಾಯ್ರೇ! ರಶೀದಿ ಅಂದ್ರೆ ಕಾಗದ, ಕಾಗದ ಅಂದ್ರೆ ಕೇಸು. ಅವರು ಬಿಡ್ತೇನೆ ಅಂತಿದ್ದಾರೆ, ನೀವು ಹಿಡ್ಕೊಳ್ಳಿ ಅಂತಿದ್ದೀರಾ?"

ಅವಳು ಹೇಳಿದ್ದು ಸರಿ ಎಂದು ಅವನಿಗೂ ಗೊತ್ತು. ಆದರೂ ರಶೀದಿ ಇಲ್ಲದೆ ಕೋವಿ ಬಿಟ್ಟು ಬರುವುದು ಹೇಗೆ? ಪರ್ಸು ತೆಗೆದು ಹಳದಿ ಚೀಟಿಯನ್ನು ಮೇಜಿನ ಮೇಲೆ ಬಿಡಿಸಿಟ್ಟ. ಅಧಿಕಾರಿ ಅದನ್ನು ಲೈಸೆನ್ಸು ಎಂದುಕೊಂಡು ತಿರುಗಿಸಿ ಮುರುಗಿಸಿ ನೋಡಿದರು. ಕನ್ನಡ ಅಕ್ಷರ, ನೇರಳೆ ಸೀಲು. ಗೇಬ್ರಿಯಲ್ ಕಥೆಯನ್ನೆಲ್ಲ ಹೇಳಿದ. ಇಲೆಕ್ಷನ್ನು, ಜ್ವರ, ಹದಿನೈದು ದಿನದ ರಜೆ, ಎರಡು ವರ್ಷ ತಡವಾಗಿ ಠಾಣೆಯ ಮುಂದೆ ನಿಂತದ್ದು. ಏಳು ವರ್ಷದಿಂದ ರೊಸಲಿನ್‌ಗೂ ಹೀಗೆ ಒಟ್ಟಿಗೆ ಹೇಳಿರಲಿಲ್ಲ. "ನಾನು ಟೈಮಿಗೆ ಹೋಗ್ಲಿಲ್ಲ ಸರ್" ಎಂದ. "ಪಪ್ಪ ನಂಬಿ ಕೊಟ್ಟು ಬಂದ್ರು. ನಾನು ಬಿಡಿಸಿಕೊಂಡು ಬರ್ಲಿಲ್ಲ."

ಅಧಿಕಾರಿ ಚೀಟಿಯನ್ನು ಅದರ ಹಳೆಯ ಮಡಿಕೆಯಲ್ಲೇ ಮಡಚಿ ವಾಪಸು ಕೊಟ್ಟರು.

ಹ್ಯಾಕ್ಸಾ ಅವನ ಕಾರಿನ ಟೂಲ್‌ಬಾಕ್ಸಿನಲ್ಲೇ ಇತ್ತು. ಠಾಣೆಯ ಹಿಂದಿನ ನೆರಳಿನಲ್ಲಿ, ಮೆಟ್ಟಿಲಿನ ಮೇಲೆ ಕೋವಿ ಇಟ್ಟು, ಮೊಣಕಾಲಿನಿಂದ ಒತ್ತಿ ಹಿಡಿದು ಗೇಬ್ರಿಯಲ್ ಕೊಯ್ಯಲು ಶುರುಮಾಡಿದ. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಪೈಪು ಕೊಯ್ದಿದ್ದಾನೋ ಲೆಕ್ಕವಿಲ್ಲ. ಇದೊಂದು ಪೈಪಿನ ಮೇಲೆ ಹ್ಯಾಕ್ಸಾ ಎರಡು ಸಲ ಜಾರಿತು. ಪಪ್ಪನ ಕೋವಿಯನ್ನೂ ಯಾರೋ ಹೀಗೆಯೇ, ಯಾವುದೋ ಆಫೀಸಿನ ಹಿಂದೆ ಕೊಯ್ದಿರಬೇಕು. ಅವರಿಗೆ ಅದು ಯಾರದ್ದೆಂದು ಗೊತ್ತಿರಲಿಲ್ಲ. ತನಗೆ ಗೊತ್ತಿದೆ, ಅಷ್ಟೇ ವ್ಯತ್ಯಾಸ. ನಳಿಗೆ ಎರಡಾಗಿ ಮೆಟ್ಟಿಲಿಗೆ ಬಿದ್ದು ಠಣ್ ಎಂದಿತು. ಕೀಲು ಕೊಯ್ದ, ಬಿಲ್ಲು ಕಿತ್ತ. ಈಗ ಅವನು ಅತ್ತದ್ದು ನಿಜ. ನೋಡಿ ಹೇಳಲು ಅಲ್ಲಿ ಉಮರ್ ಇರಲಿಲ್ಲ, ಇವನೂ ಧೂಳು ಎನ್ನಲಿಲ್ಲ.

ಅಧಿಕಾರಿ ಕಬ್ಬಿಣದ ಚೂರುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಸಿದರು. ಮರದ ಹಿಡಿಯನ್ನು ಮಾತ್ರ ಕೈಯಲ್ಲಿ ಹಿಡಿದು, ಹೆಬ್ಬೆರಳಿನ ಜಾಗವನ್ನು ಮುಟ್ಟಿ ನೋಡಿ, ಗೇಬ್ರಿಯಲನ ಕೈಗೆ ಕೊಟ್ಟರು.

"ಇದು ಬರೀ ಮರ, ತೆಗೆದುಕೊಂಡು ಹೋಗು" ಎಂದರು. "ಇಷ್ಟು ವರ್ಷ ನಿನ್ನ ಹತ್ತಿರ ಕಾಗದ ಇತ್ತು, ಬಂದೂಕು ಇರಲಿಲ್ಲ. ಇದಕ್ಕೆ ಕಾಗದ ಇಲ್ಲ. ಆದರೆ ಇದು ನಿನ್ನ ಹತ್ತಿರ ಇರುತ್ತದೆ."

ನಾಟಕದ ಹಾಲಿಗೆ ಮುಟ್ಟುವಾಗ ಮೂರೂಮುಕ್ಕಾಲು. ಕಾರ್ಮಿನ್ ಬಾಗಿಲಲ್ಲೇ ನಿಂತಿದ್ದಳು. ಅವನ ಕೈಯಲ್ಲಿದ್ದ ಮರದ ತುಂಡನ್ನು ನೋಡಿ, "ನಳಿಗೆ ಎಲ್ಲಿ?" ಎಂದಳು.

"ಠಾಣೆಯಲ್ಲಿ."

"ಅಯ್ಯೋ ದೇವಾ! ಕಳೆದ ವರ್ಷ ಬಾಗಿದ್ದು, ಈ ವರ್ಷ ಅರ್ಧವೇ ಇಲ್ಲ. ಮುಂದಿನ ವರ್ಷ ಹಿಡಿಯನ್ನೂ ತರ್ಬೇಡಿ, ನೀವೊಬ್ರೇ ಬನ್ನಿ!" ಬೈಯಲು ಬಾಯಿ ತೆರೆದವಳು, 'ಕೃಷಿ ಉಪಕರಣ' ನೆನಪಾಗಿಯೋ ಏನೋ ಅಲ್ಲಿಗೇ ನಿಲ್ಲಿಸಿದಳು. ರೊಸಲಿನ್ ನೋಡಿದ ನೋಟವೂ ಹಾಗಿತ್ತು. ಒಂದು ನಿಮಿಷ ಉಗುರು ಕಚ್ಚಿದಳು. ಆಮೇಲೆ ಸ್ಟೇಜಿಗೆ ಓಡಿ, ಮನೆಯ ಸೆಟ್ಟಿನ ಬಾಗಿಲನ್ನು ಅರ್ಧ ಮುಚ್ಚಿ, ಡಿಕ್ಸನ್‌ನನ್ನು ಅದರ ಹಿಂದೆ ನಿಲ್ಲಿಸಿದಳು. "ಹಿಡಿ ಹೆಗಲಿಗೆ, ಕೆನ್ನೆ ಹಿಡಿಗೆ. ಮುಂದಿನದ್ದು ಬಾಗಿಲ ಮರೆಯಲ್ಲಿ ಉಂಟು ಅಂತ ಜನ ನಂಬ್ಲಿ. ಆದರ್ಶ, ಲೈಟು ಇವನ ಮುಖಕ್ಕೆ ಮಾತ್ರ."

ಕೊನೆಯ ದೃಶ್ಯ ಬಂದಾಗ ಗೇಬ್ರಿಯಲ್ ಪರದೆಯ ಬದಿಯಲ್ಲಿ ನಿಂತು ಕಿವಿಯನ್ನು ಎರಡೂ ಕೈಯಿಂದ ಮುಚ್ಚಿಕೊಂಡಿದ್ದ. ನಗು ಕೇಳುವುದು ಬೇಡವಿತ್ತು. ಡಿಕ್ಸನ್ ಬಾಗಿಲ ಸಂದಿಯಲ್ಲಿ ಹಿಡಿ ಎತ್ತಿದ. ಸವೆದ ಸಾಗುವಾನಿಯ ಮೇಲೆ ಬೆಳಕು ಬಿತ್ತು. ಒಂದು ಕ್ಷಣ ಹೋಯಿತು, ಎರಡು ಹೋಯಿತು. ಗೇಬ್ರಿಯಲ್ ಮೆಲ್ಲನೆ ಕೈ ತೆಗೆದ. ಆರುನೂರು ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಕತ್ತಲೆಯಿಂದ ಒಂದು ಮಗು ಹೆದರಿ, "ಮಮ್ಮಿ, ಈಸ್ ಹೀ ಗೋಯಿಂಗ್ ಟು ಶೂಟ್?" ಎಂದು ಪಿಸುಗುಟ್ಟಿತು. ಕೋವಿ ಇಳಿಯಿತು. ಎಲ್ಲೋ ಒಬ್ಬ ಹೆಂಗಸು ಬಿಕ್ಕಿದಳು, ಆಮೇಲೆ ಇನ್ನೊಬ್ಬಳು.

ನಾಟಕ ಮುಗಿದ ಮೇಲೆ ಡಿಕ್ಸನ್ ಹಿಡಿಯನ್ನು ತಂದು ಕೊಟ್ಟ. ಬನಾನಾ ಎಂದು ಅಂದು ಯಾರೂ ಕರೆಯಲಿಲ್ಲ. ಗೇಬ್ರಿಯಲ್ ಹಿಡಿಯನ್ನು ಹೆಗಲಿಗೇರಿಸಿ ಪಾರ್ಕಿಂಗಿನ ನಡುವೆಯೇ ನಡೆದ. ರೊಸಲಿನ್ ಪಕ್ಕದಲ್ಲಿ ನಡೆದಳು, ಬೇಡ ಎನ್ನಲಿಲ್ಲ.

ಕಾರಿನ ಹತ್ತಿರ ಬಂದಾಗ ಅವನಿಗೆ ಮತ್ತೆ ಗೊಂದಲ. "ಡಿಕ್ಕಿಯಲ್ಲಾ, ಹಿಂದಿನ ಸೀಟಿನಲ್ಲಾ?"

ಅವಳು ಹಿಡಿಯನ್ನು ಅವನ ಕೈಯಿಂದ ತೆಗೆದುಕೊಂಡು ಮುಂದಿನ ಸೀಟಿನಲ್ಲಿ ಕುಳಿತು ಮಡಿಲಲ್ಲಿ ಇಟ್ಟುಕೊಂಡಳು. "ಹೋಗುವ" ಎಂದಳು. ಸ್ವಲ್ಪ ದೂರ ಹೋದ ಮೇಲೆ ಕೈ ಚಾಚಿ, "ಆ ರಶೀದಿ ಕೊಡಿ ನೋಡುವ" ಎಂದಳು. ಅವನು ಪರ್ಸು ಕೊಟ್ಟ. ಅವಳು ಚೀಟಿಯನ್ನು ಮರದ ಮೇಲೆ ಬಿಡಿಸಿ, ರಸ್ತೆ ದೀಪದ ಬೆಳಕಿಗೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ಬೆಳ್ಮಣ್ಣು ಗ್ರಾಮದ ಲಾದ್ರು ಪಿರೇರಾ ಇವರಿಂದ, ಒಂಟಿ ನಳಿಗೆಯ ಕೋವಿ ಒಂದು, ಸುಸ್ಥಿತಿಯಲ್ಲಿ ಸ್ವೀಕರಿಸಲಾಗಿದೆ."

ಗೇಬ್ರಿಯಲ್ ರಸ್ತೆಯನ್ನು ನೋಡುತ್ತಾ, "ಇನ್ನೊಮ್ಮೆ ಓದು" ಎಂದ.